ಗಂಗಮ್ಮನ ಪುಸ್ತಕವೂ ಪುಟ್ಟರಂಗಯ್ಯನ ಹಿಟ್ಟೂ

ಉಪ್ಪಾರಹಳ್ಳಿಯ ಪುಟ್ಟರಂಗಯ್ಯನವರು ತಮ್ಮ ಐವತ್ತಾರು ವರ್ಷದ ಆಯುಸ್ಸಿನಲ್ಲಿ ನೂರ ಹದಿನೇಳು ಅಡುಗೆ ಪುಸ್ತಕಗಳನ್ನು ಓದಿ ಮುಗಿಸಿದ್ದರು. ಒಂದು ಸಲವೂ ಒಲೆ ಹಚ್ಚಿರಲಿಲ್ಲ. ಇವೆರಡರಲ್ಲಿ ಯಾವುದು ದೊಡ್ಡ ಸಾಧನೆ ಎಂಬ ಬಗ್ಗೆ ಅವರ ಮನೆಯಲ್ಲಿ ಭಿನ್ನಾಭಿಪ್ರಾಯವಿತ್ತು.

ಬೆಳಿಗ್ಗೆ ಎಂಟೂವರೆಯ ಗುಬ್ಬಿ ಬಸ್ಸಿನಲ್ಲಿ ಉಳಿದವರು ಮೊಬೈಲು ತೆಗೆದರೆ, ಗುಬ್ಬಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಇವರು ಅಡುಗೆ ಪುಸ್ತಕ ತೆಗೆಯುತ್ತಿದ್ದರು. ಹೆಗ್ಗೆರೆ ದಾಟುವಾಗ ಸಾಸಿವೆ ಸಿಡಿಯುತ್ತಿತ್ತು, ಮಲ್ಲಸಂದ್ರದ ಹತ್ತಿರ ಹುಳಿ ಕುದಿಯುತ್ತಿತ್ತು, ಗುಬ್ಬಿಯಲ್ಲಿ ಇಳಿಯುವಾಗ ಅವರ ಮುಖದ ಮೇಲೆ ಎಲೆ ಮಡಿಸಿ ಎದ್ದವರ ಕಳೆ ಇರುತ್ತಿತ್ತು. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಅವರು ಬಿಡಿಸುತ್ತಿದ್ದುದು ಅನ್ನದ ಪುಟ. ಬಾದಾಮಿ ಹಲ್ವದ ಬಗ್ಗೆ ಯಾರು ಬೇಕಾದರೂ ಎರಡು ಪುಟ ಬರೆದಾರು. ದಿನಾ ಮಾಡುವ ಅನ್ನದ ಬಗ್ಗೆ ಹೇಳಲಿಕ್ಕೆ ಒಂದಾದರೂ ಮಾತಿದ್ದವರೇ ನಿಜವಾದ ಲೇಖಕರು ಎಂಬುದು ಅವರ ಸಿದ್ಧಾಂತ. ‘ಅಕ್ಕಿ ತೊಳೆದು ಮೂರು ವಿಶಲ್ ಕೂಗಿಸಿ’ ಎಂದವರನ್ನು ಅಲ್ಲಿಗೇ ಮುಚ್ಚಿಬಿಡುತ್ತಿದ್ದರು. ‘ಹದವಾಗಿ ಬೇಯಿಸಿ’ ಎಂದು ಬರೆದು, ಹದ ಯಾವುದೆಂದು ಹೇಳದೆ ಜಾರಿಕೊಂಡವರ ಮೇಲಂತೂ ಬಹಳ ಸಿಟ್ಟು. ಅಂಥ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಎಂದರೆ?’ ಎಂದು ಗೀಚುತ್ತಿದ್ದರು. ತಮ್ಮ ಪಾಯಸ ಒಮ್ಮೆ ತಳ ಹಿಡಿದದ್ದನ್ನು ಒಪ್ಪಿಕೊಂಡ ಲೇಖಕಿಯರ ಮೇಲೆ ಮಾತ್ರ ಅವರಿಗೆ ಅಪಾರ ಗೌರವ. ಇಷ್ಟೆಲ್ಲ ಓದಿದ ಮನುಷ್ಯ ಮನೆಗೆ ಬಂದು ಹೆಂಡತಿ ಬಡಿಸಿದ್ದನ್ನು ತಿಂದು ಕೈ ತೊಳೆಯುತ್ತಿದ್ದರು. ಓದಿಗೂ ಒಲೆಗೂ ಸಂಬಂಧವಿದೆ ಎಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ.

ಒಂದು ಭಾನುವಾರ ಅವರು ಜಗಲಿಯ ಮೇಲೆ ಕೂತು ಓದುತ್ತಿದ್ದಾಗ ಪಕ್ಕದ ಮನೆಯ ಸಂಧ್ಯಾ ಕಾಂಪೌಂಡಿನ ಮೇಲಿಂದ ಇಣುಕಿದಳು. ಗುಬ್ಬಿಯ ತೆಂಗು ವರ್ತಕರು ಸೇರಿ ನಡೆಸುವ ಟ್ರಸ್ಟೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವ, ಮದುವೆಯಾಗಿ ಎರಡು ವರ್ಷವಾದ ಹುಡುಗಿ.

“ಅಂಕಲ್, ಆಂಟಿ ಇಲ್ವಾ? ಬಸ್ಸಾರು ನೀರ್ ನೀರಾಗ್ಬಿಟ್ಟಿದೆ. ಹನ್ನೆರಡು ಗಂಟೆಗೆ ನಮ್ಮತ್ತೆ ಊಟಕ್ಕೆ ಬರ್ತವ್ರೆ!”

ಹೆಂಡತಿ ಕೋಮಲಾ ಹೂವು ತರಲು ಹೋಗಿದ್ದರು. ಪುಟ್ಟರಂಗಯ್ಯನವರು ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದರು: “ಬೇಯಿಸಿದ ಕಾಳು ಒಂದು ಹಿಡಿ ತಗೊಂಡು ಖಾರದ ಜೊತೆ ರುಬ್ಬಾಕಮ್ಮ. ಸಣ್ಣ ಉರೀಲಿ ಬಿಡು. ಒಗ್ಗರಣೆಗೆ ಬೆಳ್ಳುಳ್ಳಿ ಹೆಚ್ಬೇಡ, ಜಜ್ಜು.”

ಅದು ಅವರ ಎಪ್ಪತ್ತಮೂರನೆಯ ಪುಸ್ತಕದ ನಲವತ್ತೊಂದನೆಯ ಪುಟ. ಮಧ್ಯಾಹ್ನ ಸಂಧ್ಯಾಳ ಅತ್ತೆ ಎರಡನೆಯ ಸಲ ಸಾರು ಹಾಕಿಸಿಕೊಂಡರಂತೆ. ಎರಡು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು. ಸಂಜೆ ಹುಡುಗಿ ಕಣ್ಣರಳಿಸಿಕೊಂಡು ಬಂದು, “ಮನೇಲಿ ಅಡುಗೆಯೆಲ್ಲ ನೀವೇನಾ ಅಂಕಲ್?” ಎಂದು ಕೇಳಿದಳು.

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಮದುವೆಯಾದ ಇಪ್ಪತ್ತೆಂಟು ವರ್ಷಗಳಿಂದ ಪುಟ್ಟರಂಗಯ್ಯನವರನ್ನು ಯಾರೂ ಹಾಗೆ ಕಣ್ಣರಳಿಸಿ ನೋಡಿರಲಿಲ್ಲ. ಅವರು ಬಟ್ಟೆ ಒಣಗಿಸುವ ತಂತಿಯನ್ನು ಗಂಭೀರವಾಗಿ ದಿಟ್ಟಿಸಿ, “ಏನೋ, ಸ್ವಲ್ಪ” ಎಂದರು.

ಈ ಎರಡು ಪದಗಳು ಸೋಮವಾರ ಬೆಳಿಗ್ಗೆಯೇ ಸಂಧ್ಯಾಳ ಜೊತೆ ಬಸ್ಸು ಹತ್ತಿ ಗುಬ್ಬಿ ಸೇರಿದವು. ಅಲ್ಲಿ ಇಳಿಯುವಷ್ಟರಲ್ಲಿ ಅವು ‘ನಮ್ಮ ಪಕ್ಕದ್ಮನೆ ಅಂಕಲ್ ಮದುವೆ ಮನೆ ಭಟ್ಟರಿಗೇ ಹೇಳ್ಕೊಡ್ತಾರೆ’ ಎಂಬಷ್ಟಾಗಿದ್ದವು. ಬುಧವಾರ ಸಂಜೆ ಟ್ರಸ್ಟಿನ ಅಧ್ಯಕ್ಷರಾದ ಗಂಗಹನುಮಯ್ಯನವರು ಕಾರಿನಲ್ಲಿ ಹತ್ತು ಎಳನೀರು ಹಾಕಿಕೊಂಡು ಉಪ್ಪಾರಹಳ್ಳಿಗೆ ಬಂದೇಬಿಟ್ಟರು. ಅವರದು ದೊಡ್ಡ ಮೈ, ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಗಂಟಲು.

“ನೋಡಿ ಸ್ವಾಮಿ, ತುಮಕೂರು, ಗುಬ್ಬಿ, ಕುಣಿಗಲ್ಲು, ಮೂರು ತಾಲ್ಲೂಕಲ್ಲೂ ಸೇರಿ ಮೂವತ್ತೆರಡು ಊರಲ್ಲಿ ಓದೋಮನೆ ಮಾಡ್ತಾ ಇದೀವಿ. ಊರ್ಡಿಗೆರೆ ಕಡೆ ಹೆಂಗಸ್ರು ಏನಂದ್ರು ಗೊತ್ತಾ? ಅಡುಗೆ ಪುಸ್ತಕ ಇದ್ರೆ ಬತ್ತೀವಿ, ಇಲ್ದಿದ್ರೆ ನೀವೇ ಓದ್ಕಳಿ ಅಂದ್ರು. ಹನ್ನೆರಡು ಪುಸ್ತಕ ಆರಿಸ್ಕೊಡಿ. ಮಾಡಿ ಗೊತ್ತಿರೋರೇ ಆರಿಸ್ಬೇಕು. ನನಗೆ ತಿಂದು ಗೊತ್ತು ಅಷ್ಟೆ.” ಆಮೇಲೆ ಕಾಫಿ ತಂದ ಕೋಮಲಾ ಅವರಿಗೆ ಕೈಮುಗಿದು, “ತಾಯಿ, ಇಂಥೋರ ಕೈಯಡುಗೆ ತಿನ್ನಕ್ಕೆ ಪುಣ್ಯ ಮಾಡಿದೀರಿ ಬುಡಿ” ಎಂದರು.

ಕೋಮಲಾ ತಟ್ಟೆ ಹಿಡಿದು ನಿಂತರು. ಗಂಡನನ್ನು ನೋಡಿದರು. ಗಂಡ ಎಳನೀರು ಎಣಿಸುತ್ತಿದ್ದರು. “ಹೌದೌದು, ಪುಣ್ಯ” ಎಂದು ಹೇಳಿ ಒಳಗೆ ಹೋದರು.

ಕಾರು ಹೊರಟಮೇಲೆ ಅಡುಗೆಮನೆಯ ಬಾಗಿಲಲ್ಲಿ ವಿಚಾರಣೆ ನಡೆಯಿತು. “ಒಳಗೆ ಕಾಲಿಡ್ಬೇಡಿ. ಅಲ್ಲೇ ನಿಂತು ಕಣ್ಮುಚ್ಚಿ ಹೇಳಿ, ಒಲೆ ಯಾವ ಕಡೆ ಐತೆ?”

“ಎಡಗಡೆ.”

“ಅದು ಫ್ರಿಜ್ಜು ಕಣ್ರೀ.”

ಆದರೆ ಆರಿಸುವುದು ಓದಿನ ಕೆಲಸ, ಬೇಯಿಸುವುದಲ್ಲವಲ್ಲ ಎಂದು ಪುಟ್ಟರಂಗಯ್ಯನವರು ಸಮಾಧಾನ ತಂದುಕೊಂಡರು. ಹಾಗೆ ನೋಡಿದರೆ ಆ ಕೆಲಸಕ್ಕೆ ಜಿಲ್ಲೆಯಲ್ಲೇ ಅವರಿಗಿಂತ ಯೋಗ್ಯರು ಇದ್ದಿರಲಾರರು. ಒಂದು ತಿಂಗಳು ಕೂತು ತಮ್ಮ ಪುಸ್ತಕಗಳನ್ನೆಲ್ಲ ಮತ್ತೆ ಜಾಲಾಡಿದರು. ಬಣ್ಣದ ಫೋಟೋಗೆ ಮರುಳಾಗಲಿಲ್ಲ. ಮನೆಯಲ್ಲಿ ಇರುವುದರಲ್ಲೇ ಮಾಡಿ ಎನ್ನುವವರನ್ನು ಒಳಗೆ ಕರೆದುಕೊಂಡರು, ಊರಲ್ಲಿ ಸಿಗದ್ದನ್ನು ತನ್ನಿ ಎನ್ನುವವರನ್ನು ಆಚೆ ನಿಲ್ಲಿಸಿದರು. ಉಪ್ಪಿನಕಾಯಿಯದು ಒಂದು, ಸೊಪ್ಪುಗಳದು ಒಂದು, ಬಾಣಂತಿ ಪಥ್ಯದ್ದು ಒಂದು, ಮರೆತುಹೋದ ಹಬ್ಬದಡುಗೆಗಳನ್ನು ನೆನಪಿನಿಂದ ಬರೆದ ಒಬ್ಬ ಮೇಷ್ಟರದ್ದು ಒಂದು, ಹೀಗೆ ಹನ್ನೊಂದು ಆಯ್ತು. ಹನ್ನೆರಡನೆಯದಕ್ಕೆ ಅವರು ಯೋಚಿಸಲೇ ಇಲ್ಲ. ಅದು ಮೊದಲಿನಿಂದಲೂ ತಲೆದಿಂಬಿನ ಪಕ್ಕದಲ್ಲೇ ಇತ್ತು.

ಅದರ ಹೆಸರು ‘ಹಿಟ್ಟು, ಹುಳಿ, ಒಂದಿಷ್ಟು ಮಾತು’. ಬರೆದವರು ಕುಣಿಗಲ್ಲಿನ ದೊಡ್ಡಗಂಗಮ್ಮ. ಕುಣಿಗಲ್ ಬಸ್‌ಸ್ಟ್ಯಾಂಡಿನ ಪತ್ರಿಕೆ ಅಂಗಡಿಯಲ್ಲಿ, ಪಂಚಾಂಗಗಳ ಕೆಳಗೆ ಸಿಕ್ಕಿತ್ತು. ಮದುವೆ ಕಾರ್ಡು ಅಚ್ಚುಹಾಕುವ ಪ್ರೆಸ್ಸಿನಲ್ಲಿ ಮುದ್ರಿಸಿದ್ದರಿಂದ ರಕ್ಷಾಪುಟದ ಮೇಲೆ ಗಣಪತಿ, ಎರಡು ಬಾಳೆಕಂಬ, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದೂ ಉಳಿದುಬಿಟ್ಟಿತ್ತು. ಒಳಗೆ ಒಂದು ಚಿತ್ರವಿಲ್ಲ, ಕಪ್ಪು-ಚಮಚದ ಅಳತೆ ಇಲ್ಲ, ನಿಮಿಷದ ಲೆಕ್ಕ ಇಲ್ಲ. ಆದರೂ ಅದನ್ನು ಓದುವಾಗ ಪುಟ್ಟರಂಗಯ್ಯನವರಿಗೆ ಬಸ್ಸಿನಲ್ಲೇ ಹಸಿವಾಗುತ್ತಿತ್ತು. ಅಷ್ಟು ಒಳ್ಳೆಯ ಪುಸ್ತಕವನ್ನು ಅವರು ಓದಿರಲಿಲ್ಲ.

ಟ್ರಸ್ಟಿನ ಆಯ್ಕೆ ಸಮಿತಿಗೆ ಇನ್ನೊಂದು ಪ್ರತಿ ಬೇಕೆಂದು ಅವರು ಕುಣಿಗಲ್ಲಿಗೆ ಹೋದರು. ದೊಡ್ಡಗಂಗಮ್ಮನಿಗೆ ಎಪ್ಪತ್ತೆರಡು ವರ್ಷ. ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳ ಹಳೇ ನೋಟ್‌ಬುಕ್ಕುಗಳ ಹಿಂಬದಿಯಲ್ಲಿ ಬರೆದು ಮುನ್ನೂರು ಪ್ರತಿ ಮಾಡಿಸಿದ್ದರು. ಎಂಟು ವರ್ಷವಾಗಿತ್ತು. ಇನ್ನೂರ ಎಂಬತ್ತು ಪ್ರತಿ ರಾಗಿ ಮೂಟೆಗಳ ಪಕ್ಕದಲ್ಲಿ ಗೋಣಿಚೀಲದಲ್ಲಿದ್ದವು.

“ಎಷ್ಟು ಬೇಕೋ ತಗಂಡೋಗಪ್ಪ” ಎಂದರು ಆಕೆ. “ಯುಗಾದಿಗೆ ಸುಣ್ಣ ಬಳೀಬೇಕಂತೆ. ಅಷ್ಟರೊಳಗೆ ಯಾರಾದ್ರೂ ಒಯ್ಯೋದಿದ್ರೆ ಒಯ್ಲಿ, ಇಲ್ದಿದ್ರೆ ಗುಜರಿಗಾಕ್ತೀನಿ ಅಂದವ್ನೆ ನನ್ಮಗ. ಅವ್ನದೇನೂ ತಪ್ಪಿಲ್ಲ ಬುಡು. ಇಲಿ ಬಂದವೆ.” ಇಷ್ಟನ್ನು ನಗುತ್ತಲೇ ಹೇಳಿ, ಸೆರಗಿನಿಂದ ಒಂದು ಪ್ರತಿಯ ಧೂಳನ್ನು ಬಹಳ ಹೊತ್ತು ಒರೆಸಿ ಕೊಟ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ಪುಟ್ಟರಂಗಯ್ಯನವರು ಆ ದಿನ ಏನನ್ನೂ ಓದಲಿಲ್ಲ. ಆ ಗೋಣಿಚೀಲ ಗುಜರಿಗೆ ಹೋಗಕೂಡದು ಎಂದು ತೀರ್ಮಾನಿಸಿಕೊಂಡರು. ಗುಮಾಸ್ತಗಿರಿಯ ಮೂವತ್ತು ವರ್ಷದಲ್ಲಿ ಅವರು ತಾವಾಗಿಯೇ ತೆಗೆದುಕೊಂಡ ಮೊದಲ ತೀರ್ಮಾನ ಅದು.

ಗುಬ್ಬಿಯಲ್ಲಿ ಸಮಿತಿ ಸೇರಿತು. ಕಾರ್ಯದರ್ಶಿ ರಂಗನಾಥ್ ನಿವೃತ್ತ ಅಧಿಕಾರಿ. ನಿವೃತ್ತಿ ಅವರ ಪೆನ್ಷನ್ನಿಗಷ್ಟೇ ಆಗಿತ್ತು, ಫೈಲಿಗೆ ಆಗಿರಲಿಲ್ಲ. ಅವರು ಮೌಲ್ಯಮಾಪನ ಪಟ್ಟಿಯೊಂದನ್ನು ತಯಾರಿಸಿದ್ದರು. ಬಣ್ಣದ ಚಿತ್ರಕ್ಕೆ ಮೂವತ್ತು ಅಂಕ, ಗಟ್ಟಿ ರಟ್ಟಿಗೆ ಇಪ್ಪತ್ತು, ಅಳತೆಗೆ ಇಪ್ಪತ್ತು, ಸಮಯಕ್ಕೆ ಇಪ್ಪತ್ತು, ಇತರೆ ಹತ್ತು. ರುಚಿ ಇತರೆಯಲ್ಲಿ ಬರುತ್ತಿತ್ತು. ದೊಡ್ಡಗಂಗಮ್ಮನ ಪುಸ್ತಕಕ್ಕೆ ನೂರಕ್ಕೆ ನಾಲ್ಕು ಬಂದಿತ್ತು.

“ನಾಲ್ಕೂ ದಾಕ್ಷಿಣ್ಯಕ್ಕೆ ಕೊಟ್ಟಿದ್ದು” ಎಂದು ಕನ್ನಡಕ ಏರಿಸಿ ಅವರು ಓದತೊಡಗಿದರು. “ಕೇಳಿ ಸಾರ್, ಹಿಟ್ಟಿನ ಪುಟ, ಅಂದರೆ ರಾಗಿ ಮುದ್ದೆಯದು. ‘ಎಸರು ಮೊದಲು ಸುಮ್ಮನಿರುತ್ತೆ, ಆಮೇಲೆ ಪಿಸುಗುಡುತ್ತೆ, ಆಮೇಲೆ ಜಗಳಕ್ಕೆ ಬರುತ್ತೆ. ಜಗಳಕ್ಕೆ ಬಂದಮೇಲೆ ಹಿಟ್ಟು ಸುರಿಯಿರಿ, ದಿನ್ನೆಯ ನೆತ್ತಿ ಮಾತ್ರ ಒಣಗಿರಲಿ. ಆಗಲೇ ಕೋಲು ಹಾಕಬೇಡಿ. ಅತ್ತೆಮಾವನಿಂದ ಶುರುಮಾಡಿ ಗಂಡನ ಮನೆಯವರನ್ನೆಲ್ಲ ಹಿರಿಯರಿಂದ ಕಿರಿಯರವರೆಗೆ ನಿಧಾನವಾಗಿ ಒಂದೊಂದೇ ಹೆಸರು ಹೇಳಿಕೊಳ್ಳಿ, ಅವರಿಗೆಲ್ಲ ಸಾಲುತ್ತೋ ನೋಡಿ. ಮುಗಿದರೆ ಮತ್ತೆ ಮೊದಲಿಂದ. ಗಂಡನ ಸರದಿ ಬಂದಾಗ ಹೆಸರು ಹೇಳುವಂತಿಲ್ಲ, ಒಂದು ಉಸಿರು ಬಿಡಿ. ಎರಡು ಸುತ್ತು ಮುಗಿಯುವಷ್ಟರಲ್ಲಿ ಹಿಟ್ಟು ಬೆಂದಿರುತ್ತೆ. ಆಮೇಲೆ ಕೋಲು ಹಾಕಿ. ಕೋಲು ಹಾಕಿದಮೇಲೆ ಮಾತು ಆಡಬೇಡಿ, ಯಾರು ಏನೇ ಅಂದರೂ. ಮಾತು ಆಡಿದಷ್ಟು ಗಂಟು.’ ಇದೇನು ಅಡುಗೆಯೋ ಸಂಸಾರವೋ? ಎಷ್ಟು ನಿಮಿಷ? ಎಷ್ಟು ಗ್ರಾಂ? ಇದನ್ನು ಓದಿ ಯಾವ ಮನುಷ್ಯನಿಂದಲೂ ಅಡುಗೆ ಮಾಡಲು ಸಾಧ್ಯವಿಲ್ಲ. ಇದರ ಬದಲು ಈ ಬಣ್ಣದ ಪುಸ್ತಕ ನೋಡಿ. ತೊಂಬತ್ತೆರಡು ಅಂಕ.”

ಬಣ್ಣದ ಪುಸ್ತಕದ ಅನ್ನದ ಪುಟದಲ್ಲಿ ಮೂರು ವಿಶಲ್ ಇತ್ತು. ಪುಟ್ಟರಂಗಯ್ಯನವರು ಎದ್ದು ನಿಂತರು. ಸಭೆಯಲ್ಲಿ ಅವರು ಎದ್ದದ್ದು ಅದೇ ಮೊದಲು. “ಆಗುತ್ತೆ ಸಾರ್! ಯಾರು ಬೇಕಾದ್ರೂ ಮಾಡ್ಬೋದು! ಹುಟ್ಟಿದಾಗಿಂದ ಒಲೆ ಹಚ್ಚದೇ ಇರೋನೂ ಮಾಡ್ಬೋದು!”

“ಶಭಾಷ್!” ಗಂಗಹನುಮಯ್ಯನವರು ಮೇಜು ಗುದ್ದಿದ ರಭಸಕ್ಕೆ ಕಾಫಿ ಲೋಟಗಳು ಸ್ಥಾನಪಲ್ಲಟಗೊಂಡವು. “ಹಂಗಾರೆ ನೀವೇ ಮಾಡಿ ತೋರ್ಸಿ ಸ್ವಾಮಿ! ಓದೋಮನೆ ಉದ್ಘಾಟನೆ ದಿವ್ಸ, ಕಲ್ಯಾಣ ಮಂಟಪದಲ್ಲಿ, ಎಲ್ಲಾರ ಮುಂದೆ. ಗಂಟಿಲ್ದಂಗೆ ಬಂದ್ರೆ ಆಯಮ್ಮನ ಪುಸ್ತಕ ಮೂವತ್ತೆರಡು ಊರಿಗೂ ಹೋಗ್ಲಿ, ಒಂದೊಂದೂರಿಗೆ ಎಂಟೆಂಟು ಪ್ರತಿ. ಬರ್ಲಿಲ್ಲ ಅಂದ್ರೆ ರಂಗನಾಥ್ ಸಾಹೇಬ್ರ ಬಣ್ಣದ್ದು. ಏನಂತೀರಿ?”

ರಂಗನಾಥ್ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಬರೆದುಕೊಂಡದ್ದನ್ನು ಅಳಿಸುವ ಪದ್ಧತಿ ಅವರಲ್ಲಿರಲಿಲ್ಲ.

ಮರುದಿನ ಸತ್ಯ ಹೇಳಿ ತಪ್ಪಿಸಿಕೊಳ್ಳೋಣವೆಂದು ಹೊರಟ ಪುಟ್ಟರಂಗಯ್ಯನವರಿಗೆ ಗುಬ್ಬಿ ಬಸ್‌ಸ್ಟ್ಯಾಂಡಿನ ಎದುರೇ ತಮ್ಮದೇ ದರ್ಶನವಾಯಿತು. ಹದಿನೈದಡಿ ಫ್ಲೆಕ್ಸು. ಕಚೇರಿಯ ಗುರುತಿನ ಚೀಟಿಯ ಫೋಟೋವನ್ನು ಹಿಗ್ಗಿಸಿ, ತಲೆಗೆ ಬಿಳಿ ಟೋಪಿ ತೊಡಿಸಿ, ಕೆಳಗೆ ‘ಪಾಕಪ್ರವೀಣ ಪುಟ್ಟರಂಗಯ್ಯನವರಿಂದ ಬೃಹತ್ ಹಿಟ್ಟು ತಿರುವುವ ಪ್ರಾತ್ಯಕ್ಷಿಕೆ’ ಎಂದು ಹಾಕಿದ್ದರು. ಗುರುತಿನ ಚೀಟಿಯಲ್ಲಿದ್ದ ಗಾಬರಿಯೂ ಹದಿನೈದಡಿಗೆ ಹಿಗ್ಗಿತ್ತು. ಕಚೇರಿಯಲ್ಲಿ ಸಾಹೇಬರೇ ಎದ್ದು ಕೈಕುಲುಕಿ, “ಇಷ್ಟು ದಿನ ಹೇಳ್ಲೇ ಇಲ್ವಲ್ರೀ!” ಎಂದು ಆಕ್ಷೇಪಿಸಿದರು. ಆಮೇಲೆ ಅವರ ಮುಂದೆ ಸತ್ಯ ಹೇಳುವುದು ಸೇವಾ ನಿಯಮಗಳಿಗೆ ವಿರುದ್ಧವಾಗಬಹುದೆಂದು ಪುಟ್ಟರಂಗಯ್ಯನವರಿಗೆ ತೋರಿತು.

ಉಳಿದದ್ದು ಅಭ್ಯಾಸ. ಶನಿವಾರ ಬೆಳಿಗ್ಗೆ ಕೋಮಲಾ ಸ್ನಾನಕ್ಕೆ ಹೋದ ಸಮಯ ನೋಡಿ ಅವರು ಅಡುಗೆಮನೆಗೆ ನುಗ್ಗಿ ಗ್ಯಾಸ್ ಒಲೆಯ ತಿರುಪನ್ನು ಹುಡುಕುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

“ಈಚೆಗೆ ಬನ್ನಿ.”

“ಒಂದ್ಸಲ ತೋರಿಸ್ಕೊಟ್ಬಿಡೇ. ನಾನೇನು ನಗೆಪಾಟಲಾದ್ರೆ ಆಗ್ಲಿ. ಆಯಮ್ಮನ ಪುಸ್ತಕ ಗುಜರಿಗೆ ಹೋಗುತ್ತೆ ಕಣೇ.”

ಕೋಮಲಾ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಗಂಡನ ಮುಖವನ್ನೇ ನೋಡಿದರು. ಆಮೇಲೆ ಒಂದು ವಿಷಯ ಹೇಳಿದರು. “ನೀವು ಆಫೀಸಿಗೆ ಹೋದಾಗ ಆ ಪುಸ್ತಕ ಪೂರ್ತಿ ಓದ್ದೆ. ಆಯಮ್ಮ ಒಂದು ಸುಳ್ಳು ಬರ್ದಿಲ್ಲ. ಎಸರು ಜಗಳಕ್ಕೆ ಬರೋದು ನಾನು ದಿನಾ ಕೇಳ್ತೀನಿ, ಹಿಂಗೇ ಅಂತ ಹೇಳಕ್ಕೆ ಗೊತ್ತಿರ್ಲಿಲ್ಲ. ಈಗ ನಾನು ತೋರಿಸ್ಕೊಟ್ರೆ ಅದು ನನ್ನ ಹಿಟ್ಟಾಗುತ್ತೆ, ಗಂಗಮ್ಮಂದಲ್ಲ. ಓದಿ ಮಾಡ್ಬೋದು ಅಂದ್ರಲ್ಲ? ಓದೇ ಮಾಡಿ.” ಹೀಗೆ ತೀರ್ಪು ಕೊಟ್ಟು ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಪುಟ್ಟರಂಗಯ್ಯನವರು ಆಚೆ ಜಗಲಿಯ ಮೇಲೆ ಕೂತು ಅದೇ ಪುಟವನ್ನು ಮೂವತ್ತು ಸಲ ಓದಿದರು. ಅವರಿಗೆ ಹೆಂಡತಿಯ ಮೇಲೆ ಬೇಸರವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯೂ ಆಯಿತು.

ಉದ್ಘಾಟನೆಯ ದಿನ ಕಲ್ಯಾಣ ಮಂಟಪ ತುಂಬಿತ್ತು. ಮೂರು ತಾಲ್ಲೂಕಿನ ಹೆಂಗಸರು, ಪುಟ್ಟರಂಗಯ್ಯನವರ ಆಫೀಸಿನವರು, ಚೇಳೂರಿನಿಂದ ಕೋಮಲಾ ಅವರ ತವರಿನ ಕಡೆಯವರು. ಎರಡನೆಯ ಸಾಲಿನಲ್ಲಿ ಕುಣಿಗಲ್ಲಿನಿಂದ ಬಂದ ದೊಡ್ಡಗಂಗಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವೇದಿಕೆಯ ಮೇಲೆ ಗ್ಯಾಸ್ ಒಲೆ, ಪಾತ್ರೆ, ಹಿಟ್ಟಿನ ಕೋಲು, ಮೊದಲೇ ಮಾಡಿಸಿಟ್ಟ ಸೊಪ್ಪಿನ ಸಾರು. ನಿರೂಪಣೆಗೆ ಸಂಧ್ಯಾ. ಕೈಯಲ್ಲಿ ಗಡಿಯಾರ ಹಿಡಿದ ರಂಗನಾಥ್. ಪುಟ್ಟರಂಗಯ್ಯನವರ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿದರು. ಅದು ಎಂಥದೆಂದು ಅವರು ಕೇಳಲಿಲ್ಲ. ಸನ್ಮಾನದ ಬ್ಯಾಡ್ಜು ಇರಬೇಕೆಂದು ಭಾವಿಸಿದರು.

ಒಲೆಯನ್ನು ಸಂಧ್ಯಾಳೇ ಹಚ್ಚಿದ್ದು ದೇವರ ದಯೆ. ಪುಟ್ಟರಂಗಯ್ಯನವರು ಪುಸ್ತಕವನ್ನು ಎದುರಿಗೆ ಒರಗಿಸಿ ಪಾತ್ರೆಗೆ ಕಿವಿಯಿಟ್ಟು ನಿಂತರು. ಎಸರು ಸುಮ್ಮನಿತ್ತು. ಆಮೇಲೆ ಪಿಸುಗುಟ್ಟಿತು. “ನಾಲ್ಕು ನಿಮಿಷ” ಎಂದರು ರಂಗನಾಥ್. ಆಮೇಲೆ ಎಸರು ನಿಜಕ್ಕೂ ಜಗಳಕ್ಕೆ ಬಂತು! ಪುಸ್ತಕದಲ್ಲಿ ಇದ್ದಂತೆಯೇ! ಪುಟ್ಟರಂಗಯ್ಯನವರಿಗೆ ಆದ ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಹಿಟ್ಟು ಸುರಿದರು, ದಿನ್ನೆಯ ನೆತ್ತಿ ಒಣಗಿ ನಿಂತಿತು. ಈಗ ಹೆಸರುಗಳು. ಗಂಡಸು ತಿರುವುವಾಗ ಹೆಂಡತಿಯ ಮನೆಯವರನ್ನು ನೆನೆಯಬೇಕೆಂದು ಅವರು ಮೊದಲೇ ತಿದ್ದಿಕೊಂಡಿದ್ದರು. ಕಣ್ಣು ಮುಚ್ಚಿ, ಕೈ ಕಟ್ಟಿ, ಮೆಲ್ಲನೆ ಶುರುಮಾಡಿದರು.

“ಕದರಯ್ಯನವರು... ಓಬಳಮ್ಮನವರು... ಚಿಕ್ಕಬೋರಯ್ಯ...”

ಹದಿನಾರು ಸ್ಪೀಕರುಗಳಲ್ಲಿ ಅದು ಮೊಳಗಿತು. ಹಿಂದಿನ ಸಾಲಿನವರು ಯಾವುದೋ ಮಂತ್ರವೆಂದು ಎದ್ದು ಕೈಮುಗಿದರು. ಚೇಳೂರಿನ ಸಾಲಿನಲ್ಲಿ ಮಾವ ಕದರಯ್ಯ ಬೆಚ್ಚಿಬಿದ್ದರು. ದೊಡ್ಡ ಭಾವಮೈದ ಚಿಕ್ಕಬೋರಯ್ಯ ತನಗೇನೋ ಬಹುಮಾನ ಬಂದಿದೆಯೆಂದು ಶರ್ಟು ಸರಿಮಾಡಿಕೊಂಡ. ಚಿಕ್ಕಬೋರಯ್ಯನಾದ ಮೇಲೆ ಕೋಮಲಾ ಅವರ ಸರದಿ. ಪುಟ್ಟರಂಗಯ್ಯನವರು ಹೆಸರು ಹೇಳಲಿಲ್ಲ. ಕಣ್ಣು ತೆರೆದು ಸಭೆಯಲ್ಲಿ ಹುಡುಕಿ, ಹೆಂಡತಿಯನ್ನು ನೋಡಿ, ಒಂದು ಉಸಿರು ಬಿಟ್ಟರು. ಆ ಉಸಿರೂ ಹದಿನಾರು ಸ್ಪೀಕರುಗಳಲ್ಲಿ ಕೇಳಿತು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಕೋಮಲಾ ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿದರು. ಅದನ್ನು ನೋಡಿ ಪುಟ್ಟರಂಗಯ್ಯನವರಿಗೆ ಲೆಕ್ಕ ತಪ್ಪಿತು.

“...ಅಂಜನ್‌ಕುಮಾರ್” ಎಂದುಬಿಟ್ಟರು.

ಕೋಮಲಾ ಅವರಿಗೂ ಕಿರಿಯ ಅಂಜನ್‌ಕುಮಾರನಿಗೂ ಮಧ್ಯೆ ಭಾನುಪ್ರಕಾಶ್ ಎಂಬ ಇನ್ನೊಬ್ಬ ತಮ್ಮನಿದ್ದ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ತನ್ನ ಹೆಸರಿಗಾಗಿ ಅವನು ಅರ್ಧ ಎದ್ದು ಕಾಯುತ್ತಿದ್ದ. ಎರಡನೆಯ ಸುತ್ತಿನಲ್ಲಿ ಸರಿಮಾಡುತ್ತಾರೆಂದು ತಡೆದುಕೊಂಡ. ಎರಡನೆಯ ಸುತ್ತಿನಲ್ಲೂ ಕೋಮಲಾ ಅವರ ಉಸಿರಿನಿಂದ ನೇರ ಅಂಜನ್‌ಕುಮಾರನಿಗೇ ಹಾರಿ, ಪುಟ್ಟರಂಗಯ್ಯನವರು ಪಾತ್ರೆಯನ್ನು ನೆಲಕ್ಕಿಳಿಸಿ ಕುಕ್ಕುರುಗಾಲಲ್ಲಿ ಕೂತು ಕೋಲು ಹಾಕಿಬಿಟ್ಟರು.

“ನಿಲ್ಸಿ ಭಾವ!” ಮೈದಾನದಲ್ಲಿ ಕೂಗಿ ಅಭ್ಯಾಸವಿದ್ದ ಗಂಟಲಿಗೆ ಮೈಕು ಬೇಕಿರಲಿಲ್ಲ. “ನಾನೆಲ್ಲಿ ಹೋದೆ? ಮೊನ್ನೆ ಗೃಹಪ್ರವೇಶದ ಕಾರ್ಡಲ್ಲೂ ನನ್ನೊಬ್ಬಂದೇ ಹೆಸ್ರು ಬಿಟ್ಟಿದ್ರಿ, ಪ್ರೆಸ್ಸಿನೋರ ತಪ್ಪು ಅಂದ್ರಿ. ಇವತ್ತು ಯಾವ ಪ್ರೆಸ್ಸು? ಹೇಳಿ!”

ನಮ್ಮ ಕಡೆ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದರೆ ಮೂರು ತಲೆಮಾರು ಮಾತಾಡಿಸುವುದಿಲ್ಲ ಎಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ಉತ್ತರಕ್ಕಾಗಿ ವೇದಿಕೆ ನೋಡಿದರು. ಪುಟ್ಟರಂಗಯ್ಯನವರು ಬಾಯಿ ಬಿಗಿಹಿಡಿದು ತಿರುವುತ್ತಿದ್ದರು. ಕೋಲು ಹಾಕಿದ ಮೇಲೆ ಮಾತು ಆಡಬಾರದು, ಯಾರು ಏನೇ ಅಂದರೂ.

“ಮಾತೂ ಆಡಲ್ವಾ? ಸರಿ!” ಭಾನುಪ್ರಕಾಶ್ ಸಭೆಯ ಕಡೆ ತಿರುಗಿದ. “ಕೇಳ್ರಪ್ಪ, ಈ ಪಾಕಪ್ರವೀಣರು ಜನ್ಮದಲ್ಲಿ ಒಲೆ ಹಚ್ಚಿಲ್ಲ! ಬೇಕಾದ್ರೆ ನಮ್ಮಕ್ಕನ್ನೇ ಕೇಳಿ!”

ಸಭೆ ಗುಜುಗುಜು ಎಂದಿತು. ರಂಗನಾಥ್ ಗಡಿಯಾರ ನಿಲ್ಲಿಸಿದರು. “ಏನ್ರೀ ಪುಟ್ಟರಂಗಯ್ಯ, ಇದು ನಿಜವೇ? ಉತ್ತರಿಸಿ. ಉತ್ತರಿಸದಿದ್ದರೆ ಒಪ್ಪಿಕೊಂಡಂತೆ ದಾಖಲಿಸ್ತೀನಿ.” ಪುಟ್ಟರಂಗಯ್ಯನವರ ಹಣೆಯಿಂದ ಬೆವರು ಹರಿಯಿತು. ಅವರು ಕೋಲನ್ನು ಒತ್ತಿ ತಿರುವಿದರು, ಮತ್ತೆ ಒತ್ತಿ ತಿರುವಿದರು. ಸಂಧ್ಯಾ ಅಳುಮುಖ ಮಾಡಿಕೊಂಡು ಮೈಕನ್ನು ಕೋಮಲಾ ಅವರ ಮುಂದೆ ಹಿಡಿದಳು. “ಆಂಟಿ, ಹೌದಾ?”

ಕೋಮಲಾ ಎದ್ದು ನಿಂತರು. “ಹೌದು” ಎಂದರು. “ಇಪ್ಪತ್ತೆಂಟು ವರ್ಷದಲ್ಲಿ ನೀರೂ ಕಾಯ್ಸಿಲ್ಲ. ಆದ್ರೆ ಈಗ ಯಾರೂ ಅವ್ರನ್ನ ಮಾತಾಡಿಸ್ಬೇಡಿ, ಹಿಟ್ಟು ಗಂಟಾಗುತ್ತೆ.”

ಆ ಮಾತಿನ ಎರಡನೆಯ ಅರ್ಧ ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಆಫೀಸಿನ ಸಾಹೇಬರು ತಾವು ಕೈಕುಲುಕಿದ್ದನ್ನು 'ನಾನೆಲ್ಲಿ ಕುಲುಕಿದೆ?' ಎಂದು ಅಕ್ಕಪಕ್ಕದವರಿಗೆ ನಿರಾಕರಿಸುತ್ತಿದ್ದರು. ರಂಗನಾಥ್ ನಡಾವಳಿ ಪುಸ್ತಕ ಬಿಡಿಸಿ, “ಪ್ರಾತ್ಯಕ್ಷಿಕೆ ರದ್ದು. ಬಣ್ಣದ ಪುಸ್ತಕ...” ಎಂದು ಬರೆಯಲು ಶುರುಮಾಡಿದರು. ದೊಡ್ಡಗಂಗಮ್ಮ ಕೈಚೀಲ ತೆಗೆದುಕೊಂಡು ಮೆಲ್ಲನೆ ಎದ್ದರು, ಬಸ್ಸಿಗೆ ಹೊತ್ತಾಯಿತೆನ್ನುವ ಹಾಗೆ.

“ತಡೀರಿ!” ಗಂಗಹನುಮಯ್ಯನವರ ಗಂಟಲಿಗೆ ಇಡೀ ಮಂಟಪ ತಣ್ಣಗಾಯಿತು. ಅವರು ಯಾರನ್ನೂ ನೋಡುತ್ತಿರಲಿಲ್ಲ, ಪಾತ್ರೆಯನ್ನು ನೋಡುತ್ತಿದ್ದರು. “ಹಿಟ್ಟು ಬಂದೈತೆ.”

ಪುಟ್ಟರಂಗಯ್ಯನವರು ಕೈ ಒದ್ದೆಮಾಡಿಕೊಂಡು ಮುದ್ದೆ ಕಟ್ಟಿದರು. ಆಕಾರದ ಬಗ್ಗೆ ಪುಸ್ತಕದಲ್ಲಿ ಹೆಚ್ಚು ಹೇಳಿರಲಿಲ್ಲ. ಒಂದು ಗೆಣಸಿನಂತಿತ್ತು, ಒಂದು ಯಾವುದರಂತೆಯೂ ಇರಲಿಲ್ಲ. ಗಂಗಹನುಮಯ್ಯನವರು ತಟ್ಟೆ ಹಿಡಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮುದ್ದೆ ಮುರಿದರು. ಮುರಿದ ಮೈಯನ್ನು ಬೆಳಕಿಗೆ ಹಿಡಿದು ನೋಡಿದರು. ಸೊಪ್ಪಿನ ಸಾರಿಗೆ ಅದ್ದಿ ಒಂದು ತುತ್ತು ನುಂಗಿದರು. ಕಣ್ಣು ಮುಚ್ಚಿದರು. ಇನ್ನೊಂದು ತುತ್ತು. ಆಮೇಲೆ ಇಡೀ ಗೆಣಸು. ಮೂರು ತಾಲ್ಲೂಕಿನ ಹೆಂಗಸರು ಉಸಿರು ಬಿಗಿಹಿಡಿದು ಅವರ ಗಂಟಲನ್ನೇ ನೋಡುತ್ತಿದ್ದರು.

“ಒಂದು ಗಂಟಿಲ್ಲ” ಎಂದರು. “ಒಲೆ ಹಚ್ದೇ ಇದ್ದೋರು ಇದನ್ನ ಹೆಂಗ್ ಮಾಡಿದ್ರಿ ಸ್ವಾಮಿ?”

ಕೋಲು ಕೆಳಗಿಟ್ಟಾಗಿತ್ತು, ಇನ್ನು ಮಾತಾಡಬಹುದಿತ್ತು. ಪುಟ್ಟರಂಗಯ್ಯನವರು ಬೆವರು ಒರೆಸಿಕೊಂಡರು. “ನಾನು ಮಾಡಿದ್ದಲ್ಲ ಸಾರ್. ಓದಿದ್ದು. ಸುಳ್ಳು ಹೇಳಿದ್ದು ತಪ್ಪಾಯ್ತು. ಎಲ್ಲಾರ ಮುಂದೆ ಒಪ್ಕೋತೀನಿ, ನಂಗೆ ಅಡುಗೆ ಬರಲ್ಲ. ಈ ಪುಸ್ತಕಕ್ಕೆ ಬರುತ್ತೆ.” ಆಮೇಲೆ ಸಭೆಯ ಕಡೆ ತಿರುಗಿ, “ಭಾನು, ಕ್ಷಮಿಸಪ್ಪ. ನಿಮ್ಮಕ್ಕನ್ನ ನೋಡ್ದೆ, ನೀನು ತಪ್ಪೋದೆ” ಎಂದರು. ಭಾನುಪ್ರಕಾಶ್ ಕೂತುಕೊಂಡ. ಅವನಿಗೆ ಎರಡನೆಯ ಮುದ್ದೆ ಕಳಿಸಿಕೊಡಲಾಯಿತು. ಆಕಾರವಿಲ್ಲದ ಅದನ್ನು ತಿಂದು, ಅವನು ಇನ್ನೊಂದಿದೆಯೇ ಎಂದು ವಿಚಾರಿಸಿದ.

ಗಂಗಹನುಮಯ್ಯನವರು ರಂಗನಾಥರಿಗೂ ಒಂದು ತುತ್ತು ತಿನ್ನಿಸಿದರು. ರಂಗನಾಥ್ ನುಂಗಿ, ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಅವರ ಸೇವೆಯಲ್ಲಿ ಮೊದಲ ಸಲ. ಕೆಳಗೆ ಹೀಗೆ ಬರೆದರು: ‘ಸಮಿತಿಯು ಸದರಿ ಪುಸ್ತಕವನ್ನು ಪರಿಶೀಲಿಸಿ, ಉಂಡು, ಸರ್ವಾನುಮತದಿಂದ ಆಯ್ಕೆ ಮಾಡಿದೆ.’

ಬಾಗಿಲವರೆಗೆ ಹೋಗಿದ್ದ ದೊಡ್ಡಗಂಗಮ್ಮನನ್ನು ಹೆಂಗಸರು ಕೈಹಿಡಿದು ವೇದಿಕೆಗೆ ಕರೆತಂದರು. ಮೂವತ್ತೆರಡು ಊರಿಗೆ ಪುಸ್ತಕ ಹೋಗುತ್ತದೆ, ಎರಡು ಮಾತಾಡಿ ಎಂದು ಸಂಧ್ಯಾ ಮೈಕು ಕೊಟ್ಟಳು. ಮುದುಕಿ ಅದನ್ನು ಒಂದು ಕೈಯಲ್ಲಿ ಹಿಡಿದು ಪಾತ್ರೆಯ ಕಡೆ ಬಗ್ಗಿದರು. ಪಾತ್ರೆಯ ಅಂಚಿನಲ್ಲಿ ಉಳಿದ ಹಿಟ್ಟನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು.

“ಹಿಟ್ಟು ತಿರುವಕ್ಕೂ ಪುಸ್ತಕ ಬೇಕೇನಜ್ಜಿ ಅಂತ ಊರಲ್ಲೆಲ್ಲ ನಕ್ರು” ಎಂದರು. “ನಾನು ಮದ್ವೆಯಾಗಿ ಬಂದಾಗ ಹದಿನಾಲ್ಕು ವರ್ಷ. ನನ್ನ ಹಿಟ್ಟಲ್ಲಿ ದಿನಾ ಗಂಟು. ದಿನಾ ಬೈಗುಳ. ನಡುಗ್ತಾ ತಿರುವಿದ್ರೆ ಇನ್ನೂ ಗಂಟು. ಬೈಸ್ಕೊಳ್ದೆ ಕಲಿಯೋ ದಾರಿ ಒಂದು ಇರ್ಬೇಕು ಅಂತ ಬರ್ದೆ. ಹಂಗೆ ಯಾರಾದ್ರೂ ಕಲ್ತ್ರೋ ಇಲ್ವೋ ಇವತ್ತಿನಗಂಟ ಗೊತ್ತಿರ್ಲಿಲ್ಲ.”

ಆಕೆ ಪುಟ್ಟರಂಗಯ್ಯನವರ ಕಡೆ ತಿರುಗಿದರು. ಬೆವರಿನಲ್ಲಿ ತೊಯ್ದ, ಮೊಳಕೈವರೆಗೂ ಹಿಟ್ಟು ಮೆತ್ತಿಕೊಂಡ ಆ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ಕಣ್ಣು ತುಂಬಿತ್ತು.

“ಇವತ್ತು ಈ ಯಪ್ಪನ್ನ ಇಡೀ ಗುಬ್ಬಿ ಬೈತು” ಎಂದರು. “ಆದ್ರೂ ಗಂಟಾಗ್ಲಿಲ್ಲ.”